ಗಣಿಕಾರ್ಮಿಕರ ಸಭಾಭವನದ ಚರಿತ್ರೆಯನ್ನು ನಾನು ಬರೆದ ಬಗೆ

ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಕಣಿವೆಗಳ ‘ಮೈನರ್ಸ್ ಇನ್‌ಸ್ಟಿಟ್ಯೂಟ್’ಗಳ, ಅಂದರೆ ಗ್ರಂಥಾಲಯ, ಸಭಾಂಗಣಗಳಿದ್ದ ಗಣಿಕಾರ್ಮಿಕರ ಭವನಗಳ ಬಗ್ಗೆ ಸ್ಥಳೀಯ ಇತಿಹಾಸಾಸಕ್ತರ ಗುಂಪೊಂದಕ್ಕೆ ಲೇಖನ ಬರೆದುಕೊಡಲು ಒಪ್ಪಿಕೊಂಡಾಗ, ಅಡಿಗಲ್ಲು ಇಟ್ಟವರು ಯಾರು, ಉದ್ಘಾಟಿಸಿದವರು ಯಾರು ಎಂಬಲ್ಲಿಂದ ಶುರುಮಾಡಬಾರದೆಂದು ಮೊದಲೇ ನಿಶ್ಚಯಿಸಿದ್ದೆ. ಭವನ ಊರಿನದಾಗಿತ್ತೇ ಎಂದು ತಿಳಿಯಲು ಹಣ ಎಲ್ಲಿಂದ ಬಂತು, ಯಾವ ಕೋಣೆಯಲ್ಲಿ ಯಾರಿಗೆ ಪ್ರವೇಶವಿತ್ತು ಎಂಬುದನ್ನು ನೋಡಬೇಕು.

ಮೊದಲು ಹೋದದ್ದು ಓಕ್‌ಡೇಲ್ ಇನ್‌ಸ್ಟಿಟ್ಯೂಟ್‌ಗೆ. 1917ರಲ್ಲಿ ಕಟ್ಟಿದ ಈ ಕಟ್ಟಡವನ್ನು ಬಿಚ್ಚಿ ಕಾರ್ಡಿಫ್‌ನ ಸೇಂಟ್ ಫೇಗನ್ಸ್ ವಸ್ತುಸಂಗ್ರಹಾಲಯದ ಬಯಲಿಗೆ ಸಾಗಿಸಿ, ಮರಳಿ ಜೋಡಿಸಿ, 1995ರಲ್ಲಿ ತೆರೆದಿದ್ದಾರೆ. ಕೈಯಲ್ಲೊಂದು ನೋಟ್‌ಬುಕ್ ಹಿಡಿದು ಕೋಣೆಗಳ ನಕ್ಷೆ ಬರೆದುಕೊಂಡೆ. ಗ್ರಂಥಾಲಯ, ವಾಚನಾಲಯ, ಸಮಿತಿಯ ಕೋಣೆ ಕೆಳಗೆ, ಸಭಾಂಗಣ ಮೇಲೆ. ಇಂಥ ಭವನಗಳಲ್ಲಿ ಪತ್ರಿಕೆ ಓದುತ್ತ, ವಾದ ಮಾಡುತ್ತ ಕೂರುತ್ತಿದ್ದವರು ಬಹುಪಾಲು ಗಂಡಸರೇ; ಹೆಂಗಸರು ಬರುತ್ತಿದ್ದುದು ಹೆಚ್ಚಾಗಿ ಸಂಗೀತಕ್ಕೆ, ನೃತ್ಯಕ್ಕೆ. ‘ಇಡೀ ಊರಿನ ಭವನ’ ಎಂಬ ಮಾತನ್ನು ನಾನು ಸ್ವಲ್ಪ ಅಳೆದು ಬಳಸಿದ್ದು ಇದಕ್ಕಾಗಿಯೇ.

ಹಣದ ಜಾಡು ಇನ್ನೂ ಸ್ವಾರಸ್ಯಕರ. ಓಕ್‌ಡೇಲ್‌ನಲ್ಲಿ ಗಣಿ ಕಂಪನಿ ಸಾಲ ಕೊಟ್ಟಿತು, ಕಾರ್ಮಿಕರು ತೀರಿಸಿದರು. ಬೇರೆಡೆಗಳಲ್ಲೂ ವಾರದ ಕೂಲಿಯಿಂದ ಕೆಲವು ಪೆನ್ಸ್ ಮುರಿದುಕೊಳ್ಳುವುದೇ ರೂಢಿಯಾಗಿತ್ತು. 1920ರ ಗಣಿ ಉದ್ಯಮ ಕಾಯ್ದೆಯು ತೆಗೆದ ಪ್ರತಿ ಟನ್ ಕಲ್ಲಿದ್ದಲಿಗೆ ಒಂದು ಪೆನ್ನಿಯಂತೆ ಗಣಿ ಮಾಲೀಕರಿಂದ ವಸೂಲಿ ಮಾಡಿ ಕಲ್ಯಾಣ ನಿಧಿಯೊಂದನ್ನು ಸ್ಥಾಪಿಸಿದ್ದರಿಂದ, ಭವನಗಳಿಗೂ ಆಟದ ಮೈದಾನಗಳಿಗೂ ಹೊಸ ಆಸರೆ ದೊರೆಯಿತು. ಆದರೂ ನಿತ್ಯದ ಖರ್ಚು ಕೂಲಿಯನ್ನೇ ನೆಚ್ಚಿಕೊಂಡಿದ್ದುದರಿಂದ, ಗಣಿ ಮುಚ್ಚಿದಲ್ಲಿ ಭವನದ ಆದಾಯವೂ ನಿಂತುಹೋಗುತ್ತಿತ್ತು. ಹಾಗಾಗಿ ಈ ಭವನಗಳ ಅವನತಿಗೆ ಟಿವಿಯೊಂದನ್ನೇ ದೂರುವವರನ್ನು ನಾನು ಒಪ್ಪುವುದಿಲ್ಲ.

ಸ್ವಾನ್ಸಿ ವಿಶ್ವವಿದ್ಯಾಲಯದ ಕಲ್ಲಿದ್ದಲು ಪ್ರದೇಶದ ದಾಖಲೆ ಸಂಗ್ರಹದಲ್ಲಿ ಇಂಥ ಸಮಿತಿಗಳ ನಡಾವಳಿ ಪುಸ್ತಕಗಳಿವೆ. ಅವುಗಳಲ್ಲಿ ನಾನು ಠರಾವುಗಳಿಗಿಂತ ಸಭಾಂಗಣ ಬೇಡಿ ಬಂದ ಅರ್ಜಿಗಳನ್ನೇ ಹುಡುಕುತ್ತಿದ್ದೆ. ಗಾಯನವೃಂದವೋ, ಪ್ರಥಮ ಚಿಕಿತ್ಸೆಯ ತರಗತಿಯೋ, ಕಾರ್ಮಿಕ ಸಂಘವೋ, ಕೇಳಿದವರ ಹೆಸರೇ ಊರಿನ ಜೀವನವನ್ನು ಹೇಳಿಬಿಡುತ್ತದೆ. ಚದುರಿಹೋಗುತ್ತಿದ್ದ ಇನ್‌ಸ್ಟಿಟ್ಯೂಟ್ ಗ್ರಂಥಾಲಯಗಳ ಪುಸ್ತಕಗಳನ್ನು ಉಳಿಸಲೆಂದು 1973ರಲ್ಲಿ ಅದೇ ನಗರದಲ್ಲಿ ಆರಂಭವಾದ ಸೌತ್ ವೇಲ್ಸ್ ಮೈನರ್ಸ್ ಲೈಬ್ರರಿಯಲ್ಲಿ ಅರ್ಥಶಾಸ್ತ್ರದ ಗ್ರಂಥಗಳ ಜೊತೆ ಕಾದಂಬರಿಗಳೂ ಇವೆ. ಹಿರಿಯರನ್ನು ಮಾತನಾಡಿಸುವ ಕೆಲಸವನ್ನು ಬೇಕೆಂದೇ ಕಡೆಗಿಟ್ಟುಕೊಂಡೆ, ದಾಖಲೆಗಳನ್ನು ಓದಿಕೊಂಡು ಹೋದರೆ ಕೇಳಬೇಕಾದ ಪ್ರಶ್ನೆಗಳು ಹೊಳೆಯುತ್ತವೆ. ಗ್ರಂಥಾಲಯದ ಬಗ್ಗೆ ಕೇಳಿದರೆ ಅವರು ಶನಿವಾರದ ಸಿನಿಮಾದ ಮಾತು ತೆಗೆಯುತ್ತಿದ್ದರು. ಅದನ್ನೂ ಹಾಗೆಯೇ ಬರೆದುಕೊಂಡೆ.