ಫಿಲ್ಲಿಂಗ್ ಪಾಲಿಶ್: ನಡುವಿನ ಡಿಸ್ಕ್ ಹಾರಿಸಬೇಡಿ

ವಿಜಯಪುರದ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಹೊಸದಾಗಿ ಸೇರುವ ಡಾಕ್ಟರರಿಗೆ ಮೊದಲು ಹೇಳುವುದು ಇಷ್ಟೇ: ಹಲ್ಲಿನ ಬಣ್ಣದ ಫಿಲ್ಲಿಂಗ್ ವಸ್ತುವಾದ ಕಾಂಪೊಸಿಟ್‌ಗೆ ಲೈಟ್ ಹಿಡಿದು ಗಟ್ಟಿ ಮಾಡಿದ ಕೂಡಲೇ ಕೆಲಸ ಮುಗಿಯುವುದಿಲ್ಲ. ನಮ್ಮ ಜನ ಎಲೆ-ಅಡಿಕೆ, ಕಡಕ್ ಚಹಾ ಬಿಡೋರಲ್ಲ. ಒರಟು ಫಿಲ್ಲಿಂಗಿಗೆ ಕಲೆ ಬೇಗ ಹಿಡಿಯುತ್ತದೆ.

ಮೊದಲು ಕಚ್ಚಿಸಿ ನೋಡಿ, ಎತ್ತರವಿದ್ದರೆ ಉಜ್ಜಿ ಸವೆಸುವ ಸಣ್ಣ ಡೈಮಂಡ್ ಬರ್‌ನಿಂದ ನೀರು ಬಿಡುತ್ತಾ ಇಳಿಸಿ. ಆಮೇಲೆ ಅಲ್ಯೂಮಿನಿಯಂ ಆಕ್ಸೈಡ್ ಡಿಸ್ಕ್: ಒರಟು, ಮಧ್ಯಮ, ನಯ, ಅತಿ ನಯ. ಒರಟು ಡಿಸ್ಕಿನ ಗೀರನ್ನು ಅದರ ಮುಂದಿನದೇ ಅಳಿಸಬೇಕು. ಕೊನೆಯದಕ್ಕೆ ಆ ಕಸುವಿಲ್ಲ, ಗೀರನ್ನೇ ಹೊಳೆಯಿಸಿ ಬಿಡುತ್ತದೆ! ಡಿಸ್ಕ್ ಬದಲಿಸುವಾಗಲೆಲ್ಲ ನೀರು ಹೊಡೆದು ಒಣಗಿಸಿ. ಇಲ್ಲಾಂದ್ರೆ ಉಳಿದ ಕಣಗಳೇ ಮತ್ತೆ ಗೀರುತ್ತವೆ. ಕೈ ಹಗುರವಿರಲಿ, ಒತ್ತಿದರೆ ಹಲ್ಲು ಬಿಸಿಯಾಗುತ್ತದೆ.

ಒರಟುತನ ಸುಮಾರು 0.2 ಮೈಕ್ರೋಮೀಟರ್ ದಾಟಿದರೆ ಪ್ಲಾಕ್ (ಹಲ್ಲಿನ ಮೇಲೆ ಕೂರುವ ಬ್ಯಾಕ್ಟೀರಿಯಾ ಪದರ) ಜಾಸ್ತಿ ಕೂರುತ್ತದೆ. ಅಳೆಯುವ ಯಂತ್ರ ಕ್ಲಿನಿಕ್ಕಿನಲ್ಲಿ ಎಲ್ಲಿರುತ್ತದೆ? ಹಲ್ಲು ಒಣಗಿಸಿ, ಬೆಳಕು ಓರೆಯಾಗಿ ಬೀಳಿಸಿ. ಪಕ್ಕದ ಎನಾಮೆಲ್‌ನಷ್ಟೇ ಹೊಳೆಯಬೇಕು. ಮಂಕಾಗಿದ್ದರೆ ಒಂದು ಡಿಸ್ಕ್ ಹಿಂದಕ್ಕೆ ಹೋಗಿ. ರೋಗಿಗೂ ನಾಲಿಗೆ ಆಡಿಸಿ ನೋಡಲು ಹೇಳಿ, ನಾಲಿಗೆ ಸುಮ್ನೆ ಬಿಡುವುದಿಲ್ಲ.

ಕಾಂಪೊಸಿಟ್ ಒಳಗೆ ಬೆರೆಸಿರುವ ಫಿಲ್ಲರ್ ಕಣ ಸಣ್ಣದಾದಷ್ಟೂ ಹೊಳಪು ಚೆನ್ನ. ಹಾಗಾಗಿ ಮುಂದಿನ ಹಲ್ಲಿಗೆ ನನ್ನ ಆಯ್ಕೆ ತೀರಾ ಸಣ್ಣ ಕಣದ ನ್ಯಾನೋ ಕಾಂಪೊಸಿಟ್. ದೊಡ್ಡ ಕಣದ್ದಾದರೆ ಕಣ ಕಿತ್ತುಬಂದ ಕಡೆ ಗುಳಿ ಉಳಿಯುತ್ತದೆ.

ಇನ್ನೊಂದು ಫಿಲ್ಲಿಂಗ್ ವಸ್ತುವಾದ ಸಾಮಾನ್ಯ ಗ್ಲಾಸ್ ಅಯೋನೊಮರ್‌ಗೆ ಅವತ್ತೇ ಪಾಲಿಶ್ ಬೇಡ. ವಾರ್ನಿಶ್ ಹಚ್ಚಿ ಕಳಿಸಿ, 24 ಗಂಟೆ ಕಳೆದ ಮೇಲೆ ಕರೆಸಿ. ಇಂಡಿ, ಸಿಂದಗಿಯಿಂದ ಬಂದವರು ಗೊಣಗುತ್ತಾರೆ. ಅವರು ಸಂತೆಗೆ ಬರುವ ದಿನವನ್ನೇ ಕೊಟ್ಟುಬಿಡಿ.