ಶಿರಸಿಯಿಂದ ಬೈತಖೋಲಕ್ಕೆ ಚೀಟಿ: ಪುಟ್ಟ ಜಗತ್ತಿನ ಜಾಲವನ್ನು ಲ್ಯಾಬಿನಲ್ಲಿ ಕಟ್ಟುವ ಬಗೆ

ಪೈಥಾನ್ ಇರುವ ಒಂದು ಕಂಪ್ಯೂಟರ್, ಒಂದು ಮಧ್ಯಾಹ್ನ ಇದ್ದರೆ ಸಾಕು. ಆದರೆ ಕೀಬೋರ್ಡ್ ಮುಟ್ಟುವ ಮುಂಚೆ ಶಿರಸಿಯ ನನ್ನ ಬಿಸಿಎ ಮಕ್ಕಳಿಗೆ ಒಂದು ಪ್ರಶ್ನೆ ಹಾಕುತ್ತೇನೆ. ಕಾರವಾರದ ಬೈತಖೋಲದಲ್ಲಿರುವ, ನಿಮಗೆ ಪರಿಚಯವೇ ಇಲ್ಲದ ಮೀನುಗಾರರೊಬ್ಬರಿಗೆ ಚೀಟಿ ತಲುಪಬೇಕು. ಪರಿಚಯದವರ ಕೈಗಷ್ಟೇ ಕೊಡಬಹುದು. ಯಾರಿಗೆ ಕೊಡ್ತೀರಿ?

"ಕುಮಟೆಯ ಮಾವನಿಗೆ, ಸರ್. ಅವರ ಹೋಟೆಲಿಗೆ ಮೀನಿನ ಲಾರಿಯವರು ಚಾ ಕುಡೀಲಿಕ್ಕೆ ಬರ್ತಾರೆ" ಅಂದಳು ಒಬ್ಬಳು. ಇಡೀ ವಿಷಯ ಆ ಉತ್ತರದಲ್ಲೇ ಇದೆ. ನಂಟರೆಲ್ಲ ನಮ್ಮ ಕೇರಿಯಲ್ಲೇ ಇದ್ದರೆ ಚೀಟಿ ದೇವಿಮನೆ ಘಟ್ಟ ಇಳಿಯುವುದೇ ಇಲ್ಲ. ಎಲ್ಲರೂ ದೂರದೂರಲ್ಲೇ ಇದ್ದರೆ ಕಾರವಾರದ ಆಸುಪಾಸಿಗೆ ಬಂದ ಚೀಟಿ ಮನೆ ಸಿಗದೆ ಅಲೆಯುತ್ತದೆ. ಹತ್ತಿರ, ನಡುವೆ, ದೂರ, ಮೂರೂ ಕಡೆ ನಂಟು ಬೇಕು. ಅಪರಿಚಿತರನ್ನೂ ಕೆಲವೇ ಕೈಗಳಲ್ಲಿ ಮುಟ್ಟಬಹುದಾದ ಇಂಥ ಜಾಲವೇ ಪುಟ್ಟ ಜಗತ್ತಿನ ಜಾಲ.

ಮಿಲ್‌ಗ್ರಾಂ ಮತ್ತು ಟ್ರಾವರ್ಸ್ ಎಂಬ ಅಮೆರಿಕದ ಸಂಶೋಧಕರು 1969ರಲ್ಲಿ ಪ್ರಕಟಿಸಿದ, ಹೀಗೇ ಪರಿಚಯದವರ ಕೈಯಿಂದ ಕೈಗೆ ಕಾಗದ ದಾಟಿಸುವ ಪ್ರಯೋಗದಲ್ಲಿ, 296 ಮಂದಿಗೆ ಕೊಟ್ಟ ಕಾಗದಗಳಲ್ಲಿ 64 ಗುರಿ ಮುಟ್ಟಿದವು. ನಡುವಿನ ಕೈಗಳು ಸರಾಸರಿ ಐದರಷ್ಟು. ದಾರಿ ಚಿಕ್ಕದಿದೆ ಎನ್ನುವುದಕ್ಕಿಂತ, ನಕ್ಷೆಯೇ ಇಲ್ಲದವರು ಅದನ್ನು ಹುಡುಕಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಅದು ಯಾವಾಗ ಸಾಧ್ಯ ಎಂಬುದನ್ನು 2000ರಲ್ಲಿ ಗಣಿತದಿಂದ ತೋರಿಸಿದವರು ಕಂಪ್ಯೂಟರ್ ವಿಜ್ಞಾನಿ ಜಾನ್ ಕ್ಲೈನ್‌ಬರ್ಗ್.

ಈಗ ಕಟ್ಟೋಣ. 1 ಲಕ್ಷ ನೋಡ್‌ಗಳಿಗೆ (ಒಂದೊಂದು ನೋಡ್ ಒಬ್ಬೊಬ್ಬ ವ್ಯಕ್ತಿ ಎಂದುಕೊಳ್ಳಿ) ಸಾಲಾಗಿ ನಂಬರ್ ಕೊಟ್ಟು ವೃತ್ತದಲ್ಲಿಡಿ. ಸಾವಿರಕ್ಕೆ ನಿಲ್ಲಿಸಬೇಡಿ, ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಪ್ರತಿ ನೋಡ್‌ಗೂ ಎಡ, ಬಲದ ನೆರೆಯವರು ಮತ್ತು ಒಂದು ದೂರದ ಕೊಂಡಿ. ಕೊಂಡಿಯ ದೂರ ಆರಿಸಲು 0ಯಿಂದ 1ರೊಳಗೆ ರ್‍ಯಾಂಡಮ್ ಸಂಖ್ಯೆ ತೆಗೆದು, 50,000ವನ್ನು (ಅರ್ಧ ವೃತ್ತ, ಅಂದರೆ ಅತಿ ಹೆಚ್ಚಿನ ದೂರ) ಅದರ ಘಾತಕ್ಕೇರಿಸಿ, ದಶಮಾಂಶ ಬಿಡಿ. 0.1 ಬಂದರೆ ದೂರ 2, 0.5 ಬಂದರೆ 223, 0.9 ಬಂದರೆ ಸುಮಾರು 17 ಸಾವಿರ. ಕೇರಿ, ತಾಲೂಕು, ಪರಊರು ಎಲ್ಲಕ್ಕೂ ಸಮಪಾಲು ಸಿಕ್ಕಿತು ನೋಡಿ. ಎಡಕ್ಕೋ ಬಲಕ್ಕೋ ಎಂಬುದಕ್ಕೆ ಟಾಸ್ ಹಾಕಿ.

ಚೀಟಿ ಹಿಡಿದವರು ತಮ್ಮ ಮೂವರಲ್ಲಿ ಗುರಿಗೆ ಅತಿ ಹತ್ತಿರದವರಿಗೆ ಕೊಡಲಿ, ಹಾರಿಕೆಗಳನ್ನು ಎಣಿಸಿ. ಆಮೇಲೆ ಕೊಂಡಿಗಳನ್ನು ದೂರ ನೋಡದೆ ಎಲ್ಲೆಂದರಲ್ಲಿ ಹಾಕಿ ಮತ್ತೆ ಓಡಿಸಿ. ಹೀಗೆ ಹಾಕಿದಾಗ ಹಾರಿಕೆ ನೋಡ್‌ಗಳ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ, ಮೊದಲಿನದರಲ್ಲಿ ಲಾಗರಿದಮ್‌ನ ವರ್ಗದಂತೆ ಮಾತ್ರ.

ನನಗೆ ಅತಿ ಇಷ್ಟವಾದದ್ದು ಇನ್ನು ಮುಂದಿನದು. ಸಣ್ಣ ಜಾಲವೊಂದನ್ನು ತೆಗೆದುಕೊಂಡು, ಕೊಂಡಿಗಳನ್ನು ಹಾಗೇ ಬಿಟ್ಟು, ನೋಡ್‌ಗಳ ನಂಬರ್ ಮಾತ್ರ ಕಲಸಿಬಿಡಿ. ಗುರುತು ಬಿಟ್ಟುಕೊಡದೆ ಮಾಹಿತಿ ಹಂಚಿಕೊಳ್ಳುವ ಫ್ರೀನೆಟ್ ಎಂಬ ತಂತ್ರಾಂಶದ (2023ರಿಂದ ಅದರ ಹೆಸರು ಹೈಫಾನೆಟ್) ಗೆಳೆಯರ ಜಾಲ ಇದೇ ಸ್ಥಿತಿಯಿಂದ ಶುರುವಾಗುತ್ತದೆ: ಪರಿಚಯ ಉಂಟು, ವಿಳಾಸ ಇಲ್ಲ. ಇದಕ್ಕೆ ಸಂಶೋಧಕ ಆಸ್ಕರ್ ಸ್ಯಾಂಡ್‌ಬರ್ಗ್ ಕಂಡುಕೊಂಡ ಉಪಾಯ ಹೀಗಿದೆ. ಎರಡು ನೋಡ್‌ಗಳು ತಂತಮ್ಮ ಗೆಳೆಯರಿಗಿರುವ ದೂರಗಳನ್ನೆಲ್ಲ ಗುಣಿಸಲಿ. ನಂಬರ್ ಅದಲುಬದಲು ಮಾಡಿದರೆ ಗುಣಲಬ್ಧ ಇಳಿಯುವುದಾದರೆ ಬದಲಿಸಲಿ. ಏರುವುದಾದರೆ ಹಳೆಯದನ್ನು ಹೊಸದರಿಂದ ಭಾಗಿಸಿ, ಅಷ್ಟೇ ಸಂಭವನೀಯತೆಯಲ್ಲಿ ಬದಲಿಸಲಿ. ಈ ಎರಡನೆಯ ಭಾಗ ಬಿಟ್ಟರೆ ಜಾಲ ಅರ್ಧಂಬರ್ಧ ಜೋಡಣೆಯಲ್ಲೇ ಸಿಕ್ಕಿಬೀಳಬಹುದು.

ಇಂಥ ಜಾಲದಲ್ಲಿ ಯಾರಿಗೂ ಪೂರ್ತಿ ನಕ್ಷೆ ಗೊತ್ತಿಲ್ಲ. ಚೀಟಿ ಕೊಟ್ಟವರೇ ಬರೆದವರೋ, ಬರೀ ದಾಟಿಸಿದವರೋ ಎಂದು ಪಡೆದವರಿಗೆ ಖಚಿತವಾಗಿ ಹೇಳಲಾಗದು. ಆದರೆ ನಿಮ್ಮ ಸುತ್ತಲಿನ ಗೆಳೆಯರೆಲ್ಲ ಕೂಡಿ ಲೆಕ್ಕ ಹಾಕಿದರೆ ಗುಟ್ಟು ಬಯಲಾಗಬಹುದು. ಆದ್ದರಿಂದ ನಿಜವಾದ ಜಾಲ ಸೇರುವಾಗ ನಂಬಿಗಸ್ತರನ್ನೇ ಜೋಡಿಸಿಕೊಳ್ಳಿ.

ಕಲಸಿದ ಜಾಲದಲ್ಲಿ ಚೀಟಿ ಕೆಲವೊಮ್ಮೆ ಮುಂದೆ ಹೋಗದೆ ನಿಲ್ಲುತ್ತದೆ. ಆಗ ಒಂದು ಹೆಜ್ಜೆ ಹಿಂದೆ ಕಳಿಸಿ, ಎರಡನೇ ಹತ್ತಿರದವರನ್ನು ಕೇಳಿಸಿ. ಹಾರಿಕೆಗೊಂದು ಮಿತಿಯನ್ನೂ ಇಡಿ.