ಕುಬ್ಜ ಗ್ಯಾಲಕ್ಸಿಗಳಲ್ಲಿ ಕಪ್ಪುದ್ರವ್ಯ ಹುಡುಕುವಾಗ ನಾನು ಅನುಸರಿಸುವ ಕ್ರಮ

ಕಪ್ಪುದ್ರವ್ಯದ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದು ನಾಶವಾದರೆ ಗಾಮಾ ಕಿರಣ ಹೊಮ್ಮಬಹುದು; ನಾನು ಹುಡುಕುವುದು ಅದನ್ನೇ. ನಮ್ಮ ಗ್ಯಾಲಕ್ಸಿಯ ನಡುಭಾಗದಲ್ಲಿ ಕಪ್ಪುದ್ರವ್ಯ ದಟ್ಟವಾಗಿದೆ ನಿಜ, ಆದರೆ ಅಲ್ಲಿನ ಪಲ್ಸಾರ್‌ಗಳೂ (ವೇಗವಾಗಿ ತಿರುಗುವ ನ್ಯೂಟ್ರಾನ್ ನಕ್ಷತ್ರಗಳು) ಕಾಸ್ಮಿಕ್ ಕಿರಣ ಬಡಿದ ಅನಿಲವೂ ಗಾಮಾ ಕಿರಣ ಸೂಸುತ್ತವೆ. ಹಾಗಾಗಿ ನಾನು ಆರಿಸಿಕೊಳ್ಳುವುದು ಡ್ರೇಕೋದಂಥ ಕುಬ್ಜ ಗ್ಯಾಲಕ್ಸಿಗಳನ್ನು. ಅವುಗಳಲ್ಲಿ ಅನಿಲ ಇಲ್ಲವೆನ್ನುವಷ್ಟು ಕಡಿಮೆ.

ದತ್ತಾಂಶ ಗಾಮಾ ಕಿರಣ ನೋಡುವ ಫರ್ಮಿ ಉಪಗ್ರಹದ್ದು. 2008ರ ಆಗಸ್ಟ್‌ನಿಂದ ಈಚಿನದೆಲ್ಲ ಯಾರಿಗಾದರೂ ಸಿಗುತ್ತದೆ. ಗುರಿಯ ಸುತ್ತ 10×10 ಡಿಗ್ರಿ ಚೌಕ, 0.1 ಡಿಗ್ರಿ ಪಿಕ್ಸೆಲ್, ಫೋಟಾನ್ ಶಕ್ತಿಗೆ 500 ಎಂಇವಿಯಿಂದ 500 ಜಿಇವಿವರೆಗೆ (1 ಜಿಇವಿ ಎಂದರೆ 1000 ಎಂಇವಿ) ಲಾಗ್ ಅಳತೆಯಲ್ಲಿ ಸಮನಾದ 24 ಬಿನ್, ಅಂದರೆ ಪಟ್ಟಿ. ಇನ್ನೂ ಕೆಳಗಿಳಿಯುವುದಿಲ್ಲ: 100 ಎಂಇವಿಯಲ್ಲಿ ಬಿಂದುವೊಂದು ಸುಮಾರು 5 ಡಿಗ್ರಿ ಹರಡಿಕೊಳ್ಳುತ್ತದೆ, 1 ಜಿಇವಿಯಲ್ಲಿ 0.8ಕ್ಕೆ ಇಳಿಯುತ್ತದೆ. ಭೂಮಿಯ ಅಂಚಿನ ಹೊಳಪು ತಪ್ಪಿಸಲು ಖಮಧ್ಯದಿಂದ (ಉಪಗ್ರಹದ ನೆತ್ತಿಯ ದಿಕ್ಕು) 100 ಡಿಗ್ರಿ ಮೀರಿದ ಫೋಟಾನ್‌ಗಳನ್ನು ಬಿಡುತ್ತೇನೆ. ಇದೇ ಕೋನವನ್ನು ಲೈವ್‌ಟೈಮ್ ಕ್ಯೂಬ್‌ಗೂ (ಆಕಾಶದ ಯಾವ ಭಾಗವನ್ನು ಎಷ್ಟು ಹೊತ್ತು ನೋಡಿದೆ ಎಂಬ ಲೆಕ್ಕ) ಕೊಡಲೇಬೇಕು. ಮರೆತರೆ ಯಾವ ಎರರ್ರೂ ಬರುವುದಿಲ್ಲ. ಎಕ್ಸ್‌ಪೋಷರ್ (ನೋಡಿದ ಸಮಯ ಮತ್ತು ಉಪಕರಣದ ಗ್ರಹಣ ವಿಸ್ತೀರ್ಣದ ಗುಣಲಬ್ಧ) ಹೆಚ್ಚಾಗಿ ಕಂಡು, ಮಿತಿ (ಸಿಗ್ನಲ್ ಇದಕ್ಕಿಂತ ಹೆಚ್ಚಿರಲಾರದು ಎಂಬ ಗಡಿ) ಇರುವುದಕ್ಕಿಂತ ಬಲವಾಗಿ ಬರುತ್ತದೆ.

ಮೊದಲು ಗುರಿಯನ್ನು ಬಿಟ್ಟು ಹಿನ್ನೆಲೆ ಮತ್ತು ಕ್ಯಾಟಲಾಗ್‌ನ ಮೂಲಗಳನ್ನು (ಈಗಾಗಲೇ ಗೊತ್ತಿರುವ ಗಾಮಾ ಕಿರಣ ಮೂಲಗಳು) ಫಿಟ್ ಮಾಡಿ, ಅಂದರೆ ದತ್ತಾಂಶಕ್ಕೆ ಹೊಂದಿಸಿ, ಮೂಲಗಳನ್ನು ಸ್ಥಿರಗೊಳಿಸುತ್ತೇನೆ. ಚೌಕದ ಹೊರಗಿನ ಮೂಲಗಳೂ ಮಾದರಿಯಲ್ಲಿರಬೇಕು, ಅವುಗಳ ಬೆಳಕು ಒಳಕ್ಕೆ ಸೋರುತ್ತದೆ. ಆಮೇಲೆ ಗುರಿಯನ್ನು ಸೇರಿಸಿ, ಪ್ರತಿ ಬಿನ್‌ನಲ್ಲೂ ಗುರಿಯ ಫ್ಲಕ್ಸ್ (ಬರುವ ಗಾಮಾ ಕಿರಣದ ಪ್ರಮಾಣ) ಬದಲಿಸುತ್ತ ಲೈಕ್ಲಿಹುಡ್ (ಮಾದರಿಯು ದತ್ತಾಂಶಕ್ಕೆ ಎಷ್ಟು ಹೊಂದುತ್ತದೆ ಎಂಬ ಅಳತೆ) ರೇಖೆ ಬರೆದಿಡುತ್ತೇನೆ. ಇದೊಂದು ಕೈಯಲ್ಲಿದ್ದರೆ ಕಪ್ಪುದ್ರವ್ಯ ಕಣದ ಯಾವ ದ್ರವ್ಯರಾಶಿಯನ್ನು ಪರೀಕ್ಷಿಸಲೂ ಮತ್ತೆ ಫೋಟಾನ್ ಎಣಿಸಬೇಕಿಲ್ಲ. ಲಾಗ್ ಲೈಕ್ಲಿಹುಡ್ ಶಿಖರದಿಂದ 1.35 ಇಳಿದಲ್ಲಿ 95% ಮಿತಿ. ಹೋಲಿಕೆಗೆ ಇಟ್ಟುಕೊಳ್ಳುವ ಗೆರೆ, ಇಂದಿನಷ್ಟು ಕಪ್ಪುದ್ರವ್ಯ ಉಳಿಯಲು ಕಣಗಳು ನಾಶವಾಗಬೇಕಿದ್ದ ದರ: ಸೆಕೆಂಡಿಗೆ ಸುಮಾರು 2–3×10⁻²⁶ ಘನ ಸೆಂ.ಮೀ.

ಫ್ಲಕ್ಸನ್ನು ಈ ದರಕ್ಕೆ ಬದಲಿಸಲು ಜೆ-ಫ್ಯಾಕ್ಟರ್ ಬೇಕು; ಹಾಗೆಂದರೆ ನಮ್ಮ ದೃಷ್ಟಿರೇಖೆಯ ಉದ್ದಕ್ಕೂ ಕಪ್ಪುದ್ರವ್ಯದ ಸಾಂದ್ರತೆಯ ವರ್ಗದ ಮೊತ್ತ. ಕೆಲವೇ ನಕ್ಷತ್ರಗಳ ವೇಗ ಅಳೆದಿರುವ ಮಸುಕು ಗ್ಯಾಲಕ್ಸಿಗಳಲ್ಲಿ ಒಂದೆರಡು ಹೊರಗಿನ ನಕ್ಷತ್ರ ನುಸುಳಿದರೂ ಅದು ಉಬ್ಬುತ್ತದೆ. ಅದರ ಅನಿಶ್ಚಿತತೆಯನ್ನೂ ಲೈಕ್ಲಿಹುಡ್‌ಗೆ ಸೇರಿಸುತ್ತೇನೆ.

ಹೆಚ್ಚು ಸಮಯ ಕೊಡುವುದು ಖಾಲಿ ಆಕಾಶಕ್ಕೆ. ನಮ್ಮ ಗ್ಯಾಲಕ್ಸಿಯ ಸಮತಲದಿಂದ 30 ಡಿಗ್ರಿಗಿಂತ ದೂರದ, ಗೊತ್ತಿರುವ ಯಾವ ಮೂಲವೂ ಇಲ್ಲದ 300 ಜಾಗಗಳಲ್ಲಿ ಇದೇ ವಿಶ್ಲೇಷಣೆ. ಕ್ಯಾಟಲಾಗ್‌ಗೆ ಸೇರದಷ್ಟು ಮಂದವಾದ ಬ್ಲೇಜಾರ್‌ಗಳಿಂದಾಗಿ (ನಮ್ಮತ್ತ ಜೆಟ್ ಚಾಚಿದ ದೂರದ ಗ್ಯಾಲಕ್ಸಿಗಳು) ಅಲ್ಲೂ ಹುಸಿ ಸಿಗ್ನಲ್ ಏಳುತ್ತದೆ. ಟಿಎಸ್ (ಗುರಿಯನ್ನು ಸೇರಿಸಿದಾಗ ಲಾಗ್ ಲೈಕ್ಲಿಹುಡ್ ಏರುವುದರ ಎರಡರಷ್ಟು) 9 ಎಂದರೆ ಸೂತ್ರದ ಪ್ರಕಾರ 3 ಸಿಗ್ಮಾ (ಆಕಸ್ಮಿಕವಲ್ಲ ಎನ್ನಲು ಎಷ್ಟು ಬಲವಿದೆ ಎಂಬ ಅಳತೆ); ಇಲ್ಲಿ ಅಳೆದರೆ 2ರ ಆಸುಪಾಸಿಗೆ ಇಳಿಯಬಹುದು.

ಕೊನೆಗೆ ಕೃತಕ ಸಿಗ್ನಲ್ ಸೇರಿಸಿ ನೋಡುತ್ತೇನೆ. ಮಿತಿಯು ಅದನ್ನೇ 100ಕ್ಕೆ 5ಕ್ಕಿಂತ ಹೆಚ್ಚು ಸಲ ತಳ್ಳಿಹಾಕಿದರೆ, ಗುರಿಯಿಲ್ಲದ ಮೊದಲ ಫಿಟ್‌ನಲ್ಲಿ ಪಕ್ಕದ ಮೂಲವೊಂದು ಆ ಫೋಟಾನ್‌ಗಳನ್ನು ನುಂಗಿದೆಯೇ ಎಂದು ಮೊದಲು ಪರೀಕ್ಷಿಸುತ್ತೇನೆ. ಹಾಗಿದ್ದಲ್ಲಿ ಗುರಿಗೆ 2 ಡಿಗ್ರಿಯೊಳಗಿನ ಮೂಲಗಳನ್ನು ಸಡಿಲ ಬಿಟ್ಟು, ಗುರಿಯ ಜೊತೆಗೇ ಮತ್ತೆ ಫಿಟ್ ಮಾಡುತ್ತೇನೆ.